ಪ್ರಮಥ ಬಹುಮಾನ

ಗಾಂಧಿ ಬಜಾರಿನ ಪಾತ್ರೆ ಅಂಗಡಿಯ ಮೆಟ್ಟಿಲ ಕೆಳಗೆ
ಒಂದು ಮೇಜು, ಒಂದು ಬಲ್ಬು, ನಾನು.
ಬೋರ್ಡಿನಲ್ಲಿ ಮೂರೇ ಮಾತು:
ಹೆಸರು ಹಾಕಿ ಕೊಡಲಾಗುವುದು.

ಕಮಲಾಕ್ಷಾಚಾರ್ರು ಕಲಿಸಿದ್ದು ಹೀಗೆ:
ತಲೆಕಟ್ಟು ಮೊದಲೇ ಹಾಕಬೇಡ, ಹುಡುಗಿ.
ಮೈ ಮೂಡಲಿ, ಹೊಟ್ಟೆ ದುಂಡಗಾಗಲಿ,
ತಲೆ ಆಮೇಲೆ ಎಲ್ಲಿ ಕೂರಬೇಕೋ ಕೂರತ್ತೆ.
ಒತ್ತಿಗೆ ಜಾಗ ಬಿಡದೆ ಬರೆಯೋದು
ಎಲೆ ಹಾಕದೆ ಊಟಕ್ಕೆ ಕರೆದ ಹಾಗೆ.

ಮೆಷಿನ್ನು ಬಂದಿದೆ, ಗೊತ್ತು. ಎದುರು ಸಾಲಿನಲ್ಲೇ ಇದೆ,
ಲೇಸರು ಒಂದೇ ಉಸಿರಿಗೆ ನೂರು ಲೋಟ ಸುಡತ್ತೆ.
ಅದು ಒಲ್ಲೆ ಎಂದದ್ದು ನನ್ನ ಮೇಜಿಗೆ.

ಸಕ್ರೆಬೈಲಿನ ಕಡೆಯ ಮಾವುತನೊಬ್ಬ ಗಂಟೆ ತಂದ.
ಹೆಸರು ಒಳಗಡೆ ಹಾಕು, ಎಂದ.
ಒಳಗೆ ಯಾರಪ್ಪ ಓದುತ್ತಾರೆ?
ನಾಲಗೆ ಓದತ್ತೆ, ಎಂದ. ಹೆಜ್ಜೆಗೊಂದು ಸಲ.

ಒಬ್ಬಾಕೆ ತಾಮ್ರದ ಕೊಳಗ ತಂದಳು.
ಅಳಿಸಕ್ಕೆ ಬರತ್ತಾ?
ಲೋಹದಲ್ಲಿ ಅಳಿಸೋದು ಅಂತ ಇಲ್ಲಮ್ಮ,
ಇನ್ನಷ್ಟು ಕೊರೆಯೋದು ಮಾತ್ರ.
ಗಂಡನ ಹೆಸರಿನ ಕೊಂಬಿಗೆ ಎಲೆ ಕಟ್ಟಿದೆ,
ಸುಳಿಗೆ ಹೂ. ಮಧ್ಯಾಹ್ನದ ಹೊತ್ತಿಗೆ
ಅಲ್ಲಿ ಬಳ್ಳಿಯೊಂದೇ ಹಬ್ಬಿತ್ತು.
ಕಣ್ಣು ಕಿರಿದು ಮಾಡಿ ನೋಡಿದರೆ ಈಗಲೂ ಒಂದು 'ಶ' ಕಾಣತ್ತೆ.
ಅದನ್ನು ಆಕೆಗೆ ಹೇಳಲಿಲ್ಲ.

ತಪ್ಪೂ ಹಾಗೇ, ಅಳಿಯಲ್ಲ.
ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ,
ಒಂದು ರಾತ್ರಿಯಲ್ಲಿ ಹನ್ನೊಂದು ಕಪ್ಪು.
ಎಲ್ಲಕ್ಕಿಂತ ದೊಡ್ಡದರ ಮೇಲೇ
ಥ, ಮ ಎರಡೂ ಜಾಗ ಬದಲಿಸಿಕೊಂಡವು:
ಪ್ರಮಥ ಬಹುಮಾನ.
ಗೆದ್ದವರು ಜಗಳಕ್ಕೆ ಬರುತ್ತಾರೆಂದು
ಮೂರು ದಿನ ಬಲ್ಬು ಆರಿಸಿ ಕೂತೆ.
ಬಂದವರು ಎದೆ ತೋರಿಸಿದರು, ಹೊಸ ಬನಿಯನ್ನು:
ಪ್ರಮಥ ಗೆಳೆಯರ ಬಳಗ, ಹೊಳೆಹೊನ್ನೂರು.
'ಶಿವನ ಗಣ ಅಂತಲ್ವಾ ಅಕ್ಕ, ಮೇಷ್ಟ್ರು ಹೇಳಿದ್ರು.'

ಅದೇ ತಂಡದ ಹಾಲೇಶಿ
ಮೊನ್ನೆ ಕುಂಟುತ್ತ ಬಂದು ಕರ್ಚೀಫು ಬಿಚ್ಚಿದ.
ಒಂದು ಗೇಣು ಉಕ್ಕಿನ ಪಟ್ಟಿ, ಎಂಟು ಸ್ಕ್ರೂ ತೂತು.
ಒಂದೂವರೆ ವರ್ಷ ಅವನ ಮೊಣಕಾಲ ಕೆಳಗಿದ್ದದ್ದು.
'ಬಿಟ್ಟಿದ್ರೆ ಮುರೀತಿರಲಿಲ್ಲ,' ಎಂದ.
'ಬಿಡಲಿಲ್ಲ. ಪಾಯಿಂಟು ಬಂತು.'
ಹೈಸ್ಕೂಲು ಹುಡುಗಿಯರಿಗೆ ಪಂದ್ಯ ಇಡ್ತಾನಂತೆ,
ಇದನ್ನೇ ಪಾರಿತೋಷಕ ಮಾಡಬೇಕಂತೆ:
ಉತ್ತಮ ಹಿಡಿತಗಾರ್ತಿ.

ಆಸ್ಪತ್ರೆಯ ಉಕ್ಕು ಪಾತ್ರೆಯ ಉಕ್ಕಲ್ಲ.
ಮೂರು ಮೊನೆ ಮುರಿದವು. ಉಳಿ ಜಾರಿ
ಅವನ ರಕ್ತ ಕಂಡ ಪಟ್ಟಿಗೆ
ನನ್ನ ಹೆಬ್ಬೆರಳದೂ ಪರಿಚಯವಾಯಿತು.
ಬೀಟೆ ಮರದ ತುಂಡಿನ ಮೇಲೆ ನಿಲ್ಲಿಸಿದೆ.
ತೂತು ತೂತಿನ ನಡುವೆ ಏಳು ಜಾಗ,
ವರ್ಷಕ್ಕೊಂದು ಹೆಸರು.
ಏಳಾದ ಮೇಲೆ? ಎಂದೆ.
'ಇನ್ಯಾರದೋ ಕಾಲು ಮುರಿಯತ್ತೆ ಬಿಡಿ.'
ನಕ್ಕ ಅವನ ಮುಖಕ್ಕೆ ಏನು ಹೇಳಲಿ,
ಇನ್ನೂರು ರೂಪಾಯಿ ಕಡಿಮೆ ತಗೊಂಡೆ.

ಭಾನುವಾರ ಗೆದ್ದವಳು ಸೋಮವಾರ
ಯೂನಿಫಾರ್ಮಿನಲ್ಲೇ ಬಂದಳು. ಮಂಡಿಯಲ್ಲಿ ಹಸಿ ತರಚು.
ನೀಲಾಂಬಿಕಾ. ಬೆರಳಗಲದ ಜಾಗಕ್ಕೆ
ಎಷ್ಟುದ್ದದ ಹೆಸರೇ ನಿಂದು!
ಆ ಕಪ್ಪಿನ ನಂತರ ಯಾವ ಹೆಸರನ್ನೂ
ಮೊದಲು ಹಿಂದಿನಿಂದ ಓದುತ್ತೇನೆ, ಜೋರಾಗಿ:
ಕಾ. ಬಿ. ಲಾಂ. ನೀ.
ಅವಳಿಗೆ ನಗು ತಡೆಯಲಿಲ್ಲ.

'ಬಿ'ಯ ಗುಡಿಸಿನ ಹತ್ತಿರ ಸುತ್ತಿಗೆ ನಿಲ್ಲಿಸಿ
ಸುಮ್ಮನೆ ಕೇಳಿದೆ, ಹೇಗೆ ಹಿಡಿದೆ?
ಹೇಳಲಿಲ್ಲ. ಮೇಜಿನಾಚೆಯಿಂದ ಕೈ ಚಾಚಿ
ಮಣಿಕಟ್ಟು ಹಿಡಿದಳು.
ಎಳೆದೆ. ತಿರುಚಿದೆ. ಇಪ್ಪತ್ತೆರಡು ವರ್ಷ
ಉಕ್ಕಿನ ಜೊತೆ ವಾದ ಮಾಡಿದ ಕೈ.
ಮೇಲೆ ಯಾರೋ ಬೋಸಿ ಬಡಿದು ನೋಡುತ್ತಿದ್ದರು.
ಬಿಡೇ, ಎಂದೆ.
'ಕಬಡ್ಡಿ ಅನ್ನಿ ಅಕ್ಕ.'

ಅಂದೆ,
ಉಸಿರು ಇರುವಷ್ಟು ಹೊತ್ತು.